ಪಕ್ಕದ ಸೀಟಿನ ತೂಕ

ನೆವಿಲ್ ಸಗ್ಡನ್‌ನ ಬಗ್ಗೆ ಬರೆಯುವಾಗ ಒಳ್ಳೆಯ ಮಾತಿನಿಂದಲೇ ಶುರು ಮಾಡಬೇಕೆಂದು ನನಗೂ ಆಸೆ. ಅವನು ಕುಡಿದು ಬಂದು ರಂಪ ಮಾಡಿದವನಲ್ಲ. ಹೆಂಡತಿಯ ಮೇಲೆ ಒಂದು ದಿನವೂ ದನಿ ಏರಿಸಿದವನಲ್ಲ. ನಮ್ಮಿಬ್ಬರ ಹಿತ್ತಿಲಿನ ನಡುವಿನ ಬೇಲಿಗಿಡ ಕತ್ತರಿಸುವಾಗ ನನ್ನ ಕಡೆಯದನ್ನೂ ಮಟ್ಟಗೋಲು ಇಟ್ಟು ನೋಡಿ ಸಮ ಮಾಡಿಕೊಡುತ್ತಾನೆ. ಇಲ್ಲಿಗೆ ಒಳ್ಳೆಯ ಮಾತು ಮುಗಿಯಿತು.

ಹಡರ್ಸ್‌ಫೀಲ್ಡ್ ಊರಿನ ಮೇಲಿನ ಗುಡ್ಡದಲ್ಲಿ ಅವನದೂ ನನ್ನದೂ ಅಂಟಿಕೊಂಡ ಮನೆಗಳು, ಮಧ್ಯೆ ಒಂದೇ ಗೋಡೆ. ಅವನು ಸೀನಿದರೆ ನನಗೆ ಕೇಳಿಸುತ್ತದೆ; ನಾನು ಒಗ್ಗರಣೆ ಹಾಕಿದರೆ ಅವನು ಸೀನುತ್ತಾನೆ. ಮದುವೆಯಾಗಿ ನಾನು ಈ ಬೀದಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನನ್ನ ಹೆಸರನ್ನು ಪೂರ್ತಿಯಾಗಿ ಹೇಳಲು ಅವನಿಗೆ ಇನ್ನೂ ಬಿಡುವಾಗಿಲ್ಲ, ‘ಪಕ್ಕದ್ಮನೆಯಮ್ಮ’ ಎಂದೇ ಕರೆಯುತ್ತಾನೆ. ನಮ್ಮ ಸಾಲಿನ ಮನೆಗಳೆಲ್ಲ ರಸ್ತೆಗಿಂತ ತಗ್ಗಿನಲ್ಲಿವೆ. ರಸ್ತೆ ಮೇಲೆ, ಗ್ಯಾರೇಜು ಕೆಳಗೆ, ನಡುವೆ ಕಡಿದಾದ ಸಿಮೆಂಟಿನ ಇಳಿಜಾರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಬರುವ ಗಂಡಸರು ಪ್ರಪಂಚದ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು, ಇದೊಂದನ್ನು ಬಿಟ್ಟು.

ನೆವಿಲ್ ಕೌನ್ಸಿಲ್ಲಿನಲ್ಲಿ ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರ್ ಆಗಿದ್ದ. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು ಅವನ ಕೆಲಸ. ಅವನು ಬಾಗಿಲಲ್ಲಿ ಕಂಡರೆ ಮಾಂಸದಂಗಡಿಯವರು ತಕ್ಕಡಿಯಿಂದ ದೂರ ಸರಿದು ನಿಲ್ಲುತ್ತಿದ್ದರಂತೆ. ಹಾಗಂತ ಹೇಳಿದವನು ಅವನೇ. ನಿವೃತ್ತಿಯಾದ ಮೇಲೂ ಆ ಚಟ ಹೋಗಲಿಲ್ಲ. ಹೆಂಡತಿ ಹಿಲ್ಡಾ ಕೇಕಿಗೆ ಹಿಟ್ಟು ತೂಗುವ ತಕ್ಕಡಿಯನ್ನು ಪ್ರತಿ ಹೊಸ ವರ್ಷಕ್ಕೆ ಪರೀಕ್ಷಿಸಿ, ‘ಸ್ವಲ್ಪ ಉದಾರವಾಗಿದೆ’ ಎಂದು ತಿದ್ದಿಡುತ್ತಿದ್ದ. ಪರೀಕ್ಷೆಯಾದ ಮೇಲೆ ಕೇಕು ಯಾವಾಗಲೂ ಒಣಗಿರುತ್ತಿತ್ತು.

ನಿವೃತ್ತಿಯಾದ ವರ್ಷವೇ ಅವನು ಕಿಟ್ ಕಾರು ತರಿಸಿದ. ಕಿಟ್ ಕಾರೆಂದರೆ ಕೊಳವೆಗಳ ಒಂದು ಹಂದರ, ಫೈಬರಿನ ಮೂತಿ, ಚಕ್ರಗಳು, ಡಬ್ಬಗಟ್ಟಲೆ ನಟ್ಟು ಬೋಲ್ಟು. ಎಲ್ಲವನ್ನೂ ಮನೆಯಲ್ಲಿ ಕೂತು ನೀವೇ ಜೋಡಿಸಿಕೊಳ್ಳಬೇಕು. ಕೊನೆಗೆ ನೆಲಕ್ಕೆ ತಾಗುವಂತಿರುವ, ಬಾಗಿಲಿಲ್ಲದ, ಮೇಲ್ಛಾವಣಿ ಇಲ್ಲದ, ಇಬ್ಬರು ಕೂರುವ ಗಾಡಿಯೊಂದು ತಯಾರಾಗುತ್ತದೆ. ಎಂಜಿನ್ ಮಾತ್ರ ಅದರ ಜೊತೆ ಬರುವುದಿಲ್ಲ, ಅದನ್ನು ಕೊಂಡವನೇ ಹುಡುಕಿಕೊಳ್ಳಬೇಕು. ನಮ್ಮ ಕಡೆಯ ಗಂಡಸರಿಗೆ ನಿವೃತ್ತಿಯ ನಂತರ ಇದೊಂದು ವ್ರತ. ಕೆಲವರು ಪಾರಿವಾಳ ಸಾಕುತ್ತಾರೆ, ಕೆಲವರು ದಪ್ಪ ಈರುಳ್ಳಿ ಬೆಳೆದು ಬಹುಮಾನ ಗೆಲ್ಲುತ್ತಾರೆ, ಉಳಿದವರು ಗ್ಯಾರೇಜು ಸೇರುತ್ತಾರೆ.

ಡಬ್ಬಗಳು ಬಂದ ದಿನ ಹಿಲ್ಡಾ ಇಳಿಜಾರಿನಲ್ಲಿ ಕೈಕಟ್ಟಿ ನಿಂತಿದ್ದಳು. ಅವಳ ಪುಟ್ಟ ಕಾರು ಗ್ಯಾರೇಜಿನಿಂದ ಹೊರಬಿದ್ದು ಆಗಲೇ ರಸ್ತೆಯ ಪಾಲಾಗಿತ್ತು. ನೆವಿಲ್ ಬಂದು ಅವಳ ಭುಜದ ಮೇಲೆ ಕೈ ಇಟ್ಟ.

“ಮೊದಲನೇ ಸವಾರಿ ಫೈಲೀಗೆ ಕಣೇ. ಈಸ್ಟರ್ ಸೋಮವಾರ. ನೀನು ನನ್ನ ಪಕ್ಕದಲ್ಲಿ” ಎಂದ.

ನಾನು ಬೇಲಿಯ ಈ ಕಡೆ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ. ಫೈಲೀ ಸಮುದ್ರದ ದಡ, ಹಿಲ್ಡಾಳ ತವರು. ಅವಳಪ್ಪ ಅಲ್ಲಿ ಏಡಿ ಹಿಡಿಯುತ್ತಿದ್ದವನು. ಈಗ ಅಲ್ಲಿ ಅವಳವರೆಂಬುವರು ಯಾರೂ ಇಲ್ಲ, ಆದರೂ ವರ್ಷಕ್ಕೊಮ್ಮೆ ಆ ನೀರಿನ ಅಂಚಿನಲ್ಲಿ ನಡೆಯದಿದ್ದರೆ ಅವಳಿಗೆ ವರ್ಷ ಮುಗಿದಂತಾಗುತ್ತಿರಲಿಲ್ಲ. ನೆವಿಲ್‌ಗೆ ಆ ಊರು ಆಗದು, ಕಾರಿನೊಳಗೆ ಮರಳು ಬರುತ್ತದೆ ಎಂದು ಏನಾದರೊಂದು ನೆಪ ತೆಗೆಯುತ್ತಿದ್ದ. ಅಂಥವನೇ ಬಾಯಿಬಿಟ್ಟು ಫೈಲೀ ಎಂದಾಗ ಹಿಲ್ಡಾಳ ಮುಖ ಎಷ್ಟು ಅರಳಿತೆಂದರೆ, ಯಾವ ವರ್ಷದ ಈಸ್ಟರ್ ಎಂದು ಕೇಳುವುದನ್ನೇ ಮರೆತಳು.

ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವಳು ಟಾರ್ಚು ಹಿಡಿದಳು. ಅವನು ಗಾಡಿಯ ಕೆಳಗೆ ಮಲಗಿರುತ್ತಿದ್ದ, ಇವಳು ಟಾರ್ಚು ಹಿಡಿದು ಕುಕ್ಕರಗಾಲಿನಲ್ಲಿ. “ಅಲ್ಲಲ್ಲ, ಎಡಕ್ಕೆ. ನನ್ನ ಎಡ, ನಿನ್ನದಲ್ಲ” ಎಂಬ ಮಾತು ಗೋಡೆಯ ಮೂಲಕ ನನಗೆ ಬಾಯಿಪಾಠವಾಗಿದೆ. ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವಾಗ ಪೆಡಲು ತುಳಿದವಳು ಅವಳು. ಫೈಬರು ಉಜ್ಜಿದ ಪುಡಿಯಿಂದ ಮೈಯೆಲ್ಲ ಕೆರೆದುಕೊಂಡವಳು ಅವಳು. ಚಳಿಗಾಲದ ಬೆಳಗ್ಗೆ ರಸ್ತೆಯಲ್ಲಿ ನಿಂತ ತನ್ನ ಕಾರಿನ ಗಾಜಿನಿಂದ ಮಂಜು ಕೆರೆಯುತ್ತಿದ್ದವಳೂ ಅವಳೇ. ನೆವಿಲ್ ಕಿಟಕಿಯಲ್ಲಿ ಟೀ ಹಿಡಿದು ನಿಂತು, ವೈಪರ್ ಎತ್ತಿ ಕೆರೆಯಬೇಕು ಎಂದು ಸನ್ನೆ ಮಾಡುತ್ತಿದ್ದ.

ಹಿಲ್ಡಾ ಉಣ್ಣೆ ಗಿರಣಿಯಲ್ಲಿ ಬಟ್ಟೆಯ ತಪ್ಪು ತಿದ್ದುವ ಕೆಲಸದಲ್ಲಿದ್ದವಳು. ಮಗ್ಗದಿಂದ ಬಂದ ಬಟ್ಟೆಯ ಮೇಲೆ ಬೆರಳಾಡಿಸಿ, ತಪ್ಪಿದ ಎಳೆ ಹುಡುಕಿ, ತಪ್ಪಿತ್ತೆಂದೇ ಗೊತ್ತಾಗದ ಹಾಗೆ ಸೂಜಿಯಿಂದ ನೇಯ್ದುಬಿಡುವುದು. ಗಾಡಿಯ ಎರಡು ಸೀಟುಗಳಿಗೂ ಹೊದಿಕೆ ಹೊಲಿದವಳು ಅವಳೇ. ನೆವಿಲ್‌ನ ಸೀಟಿಗೆ ಸಂತೆಯಲ್ಲಿ ಸಿಕ್ಕ ರೆಕ್ಸಿನ್ ಸಾಕಾಯಿತು. ತನ್ನ ಸೀಟಿಗೆ ಮಾತ್ರ ಫೈಲೀಯಿಂದ ತಂದಿಟ್ಟಿದ್ದ ತಾಯಿಯ ಆರಾಮಕುರ್ಚಿಯ ಚರ್ಮ ಬಿಚ್ಚಿದಳು. ಕಡುಗೆಂಪು ಚರ್ಮ, ಅಂಚಿಗೆ ದಪ್ಪ ಹೊಲಿಗೆ. ಆ ಇಡೀ ಗಾಡಿಯಲ್ಲಿ ನೋಡಲು ಲಾಯಕ್ಕಾಗಿದ್ದದ್ದು ಅದೊಂದೇ.

ಗಾಡಿಗೆ ಎಲ್ಲವೂ ಆಗಿತ್ತು, ಎಂಜಿನ್ ಒಂದನ್ನು ಬಿಟ್ಟು. ಕಾರಿನ ಎಂಜಿನ್ ಹಾಕುವುದೋ, ಮೋಟರ್‌ಬೈಕಿನ ಎಂಜಿನ್ ಹಾಕುವುದೋ ಎಂಬ ಪ್ರಶ್ನೆಯಲ್ಲಿ ನೆವಿಲ್ ಸಿಕ್ಕಿಬಿದ್ದಿದ್ದ. ದೇಶಗಳು ಇದಕ್ಕಿಂತ ಕಡಿಮೆ ಚರ್ಚೆಯಲ್ಲಿ ಯುದ್ಧಕ್ಕೆ ಹೋಗಿವೆ.

ಚರ್ಚೆ ನಡೆಯುತ್ತಿದ್ದದ್ದು ಗುರುವಾರ ಸಂಜೆ, ಗುಡ್ಡದ ಬುಡದ ‘ಫ್ಲೀಸ್’ ಪಬ್ಬಿನಲ್ಲಿ. ಕಿಟ್ ಕಾರಿನವರ ಸಂಘ ಅಲ್ಲಿ ಸೇರುತ್ತಿತ್ತು. ಹಿಲ್ಡಾ ಅವನನ್ನು ತನ್ನ ಕಾರಿನಲ್ಲಿ ಕರೆದೊಯ್ದು ಕರೆತರುತ್ತಿದ್ದಳು, ಹತ್ತು ವರ್ಷದಿಂದ ಗಾಡಿ ಕಟ್ಟುತ್ತಿದ್ದವನಿಗೆ ಹೋಗಲು ಗಾಡಿಯಿರಲಿಲ್ಲವಲ್ಲ. ಕೆಲವು ಸಲ ನಾನೂ ಜೊತೆಗೆ ಹೋಗಿದ್ದುಂಟು. ಅಲ್ಲಿನ ಗಂಡಸರನ್ನು ನೀವು ನೋಡಬೇಕು. ಒಬ್ಬೊಬ್ಬರಿಗೂ ಮೇಜಿನ ಮೇಲೆ ಇಳಿಬಿದ್ದ ಹೊಟ್ಟೆ, ಮುಂದೆ ಗ್ರೇವಿಯಲ್ಲಿ ಈಜುವ ಮಾಂಸದ ಪೈ, ಪಕ್ಕದಲ್ಲಿ ಚಿಪ್ಸ್, ಕೈಯಲ್ಲಿ ಬಿಯರು. ಮಾತು ಮಾತ್ರ ಗ್ರಾಮುಗಳದು. ಒಬ್ಬ ಪೆಡಲಿಗೆ ತೂತು ಕೊರೆದು ಎಷ್ಟೋ ಗ್ರಾಮು ಉಳಿಸಿದನಂತೆ. ಇನ್ನೊಬ್ಬ ಕಬ್ಬಿಣದ ಬೋಲ್ಟು ತೆಗೆದು ಅಲ್ಯುಮಿನಿಯಮ್ಮಿಂದು ಹಾಕಿದನಂತೆ. ಹಾಗೆ ಹೇಳುತ್ತಾ ಅವನು ಇನ್ನೊಂದು ಪೈ ತರಿಸಿದ.

ಮೋಟರ್‌ಬೈಕ್ ಪಕ್ಷದ ನಾಯಕ ಡೆಸ್ಮಂಡ್. ಅವನ ಗಾಡಿಯಲ್ಲಿದ್ದದ್ದು ಯಾವುದೋ ಜಪಾನಿ ಬೈಕಿನ ಎಂಜಿನ್. ಬೀದಿಯಲ್ಲಿ ಅದು ಹೋದರೆ ನಾಯಿಗಳೆಲ್ಲ ಮನೆಯೊಳಗೆ ಓಡುತ್ತಿದ್ದವು.

“ಕಾರಿನ ಎಂಜಿನ್ ಹಾಕಿದ್ರೆ ಕಾರಾಗುತ್ತೆ ಅಷ್ಟೇ” ಎನ್ನುತ್ತಿದ್ದ ಅವನು. “ಕಾರು ಬೇಕಂದ್ರೆ ಶೋರೂಮಿಗೆ ಹೋಗು ಮಾರಾಯ. ಹತ್ತು ವರ್ಷ ಮಣ್ಣು ಹೊತ್ತಿದ್ದು ಅದಕ್ಕಾ? ಬೈಕಿಂದು ಅರ್ಧ ತೂಕ. ಗೇರು ಹಾಕಿದ್ರೆ ಟಕ್ ಅಂತ ಬೀಳುತ್ತೆ. ಆ ಸದ್ದು ಕೇಳಿದ್ರೆ ನಿಂಗೆ ಇಪ್ಪತ್ತು ವರ್ಷ ಕಮ್ಮಿಯಾಗುತ್ತೆ.”

ಎದುರು ಪಕ್ಷದಲ್ಲಿದ್ದವನು ಸಿರಿಲ್ ಬೂತ್‌ರಾಯ್ಡ್ ಒಬ್ಬನೇ. ಹೆಂಡತಿ ತೀರಿಕೊಂಡ, ಮಾತು ಕಡಿಮೆಯ ಮನುಷ್ಯ. ಅವನ ಗಾಡಿಗೆ ಹಳೆಯ ಕಾರೊಂದರ ಎಂಜಿನ್ನು, ಬಿಸಿಗಾಳಿ ಬಿಡುವ ಹೀಟರು, ಫ್ಲಾಸ್ಕ್ ನೇತುಹಾಕಲು ಒಂದು ಕೊಕ್ಕೆ. ಸಂಘದವರು ಅದನ್ನು ‘ಸಿರಿಲ್‌ನ ಬಸ್ಸು’ ಎನ್ನುತ್ತಿದ್ದರು. ಎಲ್ಲಿಗೆ ಸವಾರಿ ಹೊರಟರೂ ಸಾಲಿನಲ್ಲಿ ಕೊನೆಯವನು ಅವನೇ.

“ಬೈಕಿನ ಎಂಜಿನ್‌ಗೆ ರಿವರ್ಸ್ ಇರಲ್ವಲ್ಲ” ಎಂದ ಸಿರಿಲ್.

“ರಿವರ್ಸ್ ಯಾಕೆ ಬೇಕಯ್ಯಾ? ಹಿಂದೆ ಏನಿದೆ ಅಂತ ಹೋಗ್ಬೇಕು? ಕೈ ಆಚೆ ಹಾಕಿ ಚಕ್ರ ತಿರುಗಿಸಿದ್ರೆ ಗಾಡಿ ತಾನೇ ಹಿಂದಕ್ಕೆ ಹೋಗುತ್ತೆ, ಅಷ್ಟು ಹಗುರ.”

“ನೆವಿಲ್ ಗ್ಯಾರೇಜು ತಗ್ಗಲ್ಲಿದೆ. ಅದೂ ಅಲ್ದೆ ಗಾಡಿ ಮೂತಿ ಗೋಡೆ ಕಡೆಗಿದೆ.”

“ತಳ್ಳೋಕೆ ಹಿಲ್ಡಾ ಇದ್ದಾಳಲ್ಲ” ಎಂದ ಡೆಸ್ಮಂಡ್.

ಮೇಜೆಲ್ಲ ಅಲ್ಲಾಡುವ ಹಾಗೆ ನಕ್ಕರು. ನೆವಿಲ್ ಕೂಡ ನಕ್ಕ. ಹಿಲ್ಡಾ ಲೆಮನೇಡಿನ ಲೋಟ ಕೆಳಗಿಟ್ಟು, ನಕ್ಕ ಹಾಗೆ ಮಾಡಿದಳು. ನಗದೆ ಇದ್ದವರು ಸಿರಿಲ್ ಮತ್ತು ನಾನು, ನಾವಿಬ್ಬರೂ ಅಲ್ಲಿ ಲೆಕ್ಕಕ್ಕಿರಲಿಲ್ಲ.

ಗಾಡಿಯ ಮೂತಿ ಗೋಡೆಯ ಕಡೆಗಿದ್ದದ್ದು ನಿಜ. ಕೆಲಸದ ಮೇಜೂ ಟ್ಯೂಬ್‌ಲೈಟೂ ಗ್ಯಾರೇಜಿನ ಹಿಂಗೋಡೆಯಲ್ಲಿದ್ದುದರಿಂದ, ಎಂಜಿನ್ ಕೂರಬೇಕಾದ ಭಾಗ ಮೇಜಿನ ಹತ್ತಿರವಿರಲಿ ಎಂದು ನೆವಿಲ್ ಮೊದಲ ದಿನವೇ ಹಾಗೆ ನಿಲ್ಲಿಸಿ ಕಟ್ಟತೊಡಗಿದ್ದ. ಗ್ಯಾರೇಜಿನ ಅಗಲ ಗಾಡಿಯ ಅಗಲಕ್ಕಿಂತ ಒಂದು ಮೊಣಕೈಯಷ್ಟು ಹೆಚ್ಚು, ಅಷ್ಟೇ. ಒಳಗೆ ತಿರುಗಿಸುವ ಮಾತೇ ಇಲ್ಲ. ಅದು ಹೊರಗೆ ಬರಬೇಕಾದರೆ ಹಿಂದುಹಿಂದಾಗಿ ಏರು ಹತ್ತಬೇಕು.

ಆ ಕ್ರಿಸ್‌ಮಸ್‌ಗೆ ಮುಂಚೆ ಡೆಸ್ಮಂಡ್ ಒಂದು ಬೈಕಿನ ಎಂಜಿನ್ ಹೊತ್ತು ತಂದ. ಬೈಕು ಅಪಘಾತದಲ್ಲಿ ಜಖಂ ಆಗಿ ಗುಜರಿಗೆ ಬಂದದ್ದು, ಎಂಜಿನ್ ಮಾತ್ರ ಹೊಸದರಂತಿತ್ತು. ಗ್ಯಾರೇಜು ಥಂಡಿಯೆಂದು ಅದನ್ನು ಅಡುಗೆಮನೆಯ ಮೇಜಿನ ಮೇಲೆ, ಪೇಪರು ಹಾಸಿ ಇಟ್ಟರು. ಹಬ್ಬದ ದಿನ ನನ್ನನ್ನೂ ಊಟಕ್ಕೆ ಕರೆದಿದ್ದರು. ಮೇಜಿನ ಒಂದು ತುದಿಯಲ್ಲಿ ಟರ್ಕಿ, ಇನ್ನೊಂದು ತುದಿಯಲ್ಲಿ ಎಂಜಿನ್. ನೆವಿಲ್‌ನ ಕಣ್ಣು ಟರ್ಕಿಯ ಕಡೆ ಹೋಗಲೇ ಇಲ್ಲ.

“ಹಿಂದಕ್ಕೆ ಹೋಗೋದು ಹೇಗೆ ಅಂತ ಯೋಚಿಸಿದ್ಯಾ?” ಎಂದು ಹಿಲ್ಡಾ ಕೇಳಿದಳು, ಆಲೂಗಡ್ಡೆ ಬಡಿಸುತ್ತಾ.

“ಮುಂದಕ್ಕೆ ಹೋಗೋದು ನೋಡೇ ಮೊದಲು.”

“ಫೈಲೀಗೆ ಹೋಗ್ತೀವಲ್ಲ, ಅಲ್ಲಿ ಕಾರು ನಿಲ್ಲಿಸೋ ಜಾಗ ಇಕ್ಕಟ್ಟು. ಅದಕ್ಕೆ ಕೇಳ್ದೆ.”

“ನೀನಿರ್ತೀಯಲ್ಲ. ಇಳಿದು ಒಂದು ಕೈ ಕೊಡು” ಎಂದ ನೆವಿಲ್. ನಿರ್ಧಾರವಾದದ್ದು ಹಾಗೆ. ಹತ್ತು ವರ್ಷದ ಚರ್ಚೆ ಒಂದು ಆಲೂಗಡ್ಡೆ ನುಂಗುವಷ್ಟರಲ್ಲಿ ಮುಗಿಯಿತು.

ಮಾರ್ಚ್ ಬರುವಷ್ಟರಲ್ಲಿ ಎಂಜಿನ್ ಗಾಡಿಯಲ್ಲಿ ಕೂತಿತು. ಇನ್ನು ಸರ್ಕಾರದವರ ಪರೀಕ್ಷೆಯೊಂದು ಉಳಿದಿತ್ತು. ಮನೆಯಲ್ಲಿ ಕಟ್ಟಿದ ಗಾಡಿಯನ್ನು ಅವರು ನೋಡಿ ಸೈ ಎಂದರೆ ಮಾತ್ರ ನಂಬರ್ ಪ್ಲೇಟು. ಆಗ ಡೆಸ್ಮಂಡ್ ಹೊಸದೊಂದು ವಿಷಯ ಎತ್ತಿದ. ಗಾಡಿಯ ತೂಕ ಇಷ್ಟರೊಳಗಿದ್ದರೆ ರಿವರ್ಸ್ ಇಲ್ಲದಿದ್ದರೂ ನಡೆಯುತ್ತದೆ, ಮೀರಿದರೆ ಬಿಡುವುದಿಲ್ಲ ಎಂದ. ನಿಯಮ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆದರೆ ತೂಕ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನೆವಿಲ್‌ನ ಮುಖದಲ್ಲಿ ಇನ್ಸ್‌ಪೆಕ್ಟರು ವಾಪಸ್ಸು ಬಂದ.

ಮರುದಿನವೇ ಬೀದಿಯಲ್ಲಿ ಮನೆಮನೆಗೆ ಹೋಗಿ ಸ್ನಾನದ ಮನೆಯ ತೂಕದ ಯಂತ್ರ ಎರವಲು ತಂದ. ನನ್ನದೂ ಹೋಯಿತು, ಅದರಿಂದ ನನಗೆ ನಷ್ಟವೇನಿರಲಿಲ್ಲ. ಒಂದೊಂದು ಚಕ್ರದ ಕೆಳಗೆ ಒಂದೊಂದು ಯಂತ್ರ ಇಟ್ಟು, ಹಿತ್ತಾಳೆ ಬಟ್ಟುಗಳಿಂದ ಅವುಗಳನ್ನು ಮೊದಲು ಪರೀಕ್ಷಿಸಿ, ನನ್ನದು ಸುಳ್ಳು ಹೇಳುತ್ತದೆ ಎಂದು ನನ್ನೆದುರಿಗೇ ಸಾರಿದ. ಹಿಲ್ಡಾ ಗಾಡಿಯಲ್ಲಿ ತನ್ನ ಸೀಟಿನಲ್ಲಿ ಕೂತಿದ್ದಳು. ಗಾಡಿ ಪೂರ್ತಿಯಾಗಿ ನಿಂತದ್ದು ಅದೇ ಮೊದಲು, ಒಂದು ಸಲ ಕೂತು ನೋಡುತ್ತೇನೆ ಎಂದು ಹತ್ತಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು, ಸಮುದ್ರದ ಗಾಳಿಗೆ ಕಟ್ಟುವ ಹಾಗೆ.

“ಇಳಿ ಸ್ವಲ್ಪ” ಎಂದ ನೆವಿಲ್.

ಅವಳು ಇಳಿದಳು. ಮುಳ್ಳುಗಳು ಇಳಿದವು. ಅವುಗಳ ಜೊತೆ ನೆವಿಲ್‌ನ ಹುಬ್ಬೂ ಇಳಿಯಿತು, ಆದರೆ ಪೂರ್ತಿ ಅಲ್ಲ. ಇನ್ನೂ ಹೆಚ್ಚೇ ಇತ್ತು. ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. ತೆಗೆಯಲು ಏನೂ ಉಳಿದಿರಲಿಲ್ಲ. ಹೀಟರು ಹೋಗಿತ್ತು, ಸ್ಟೆಪ್ನಿ ಹೋಗಿತ್ತು, ನೆಲದ ಹಾಸು ಹೋಗಿತ್ತು, ಗಾಜಿನ ಬದಲು ಒಂದು ಪ್ಲಾಸ್ಟಿಕ್ ಪಟ್ಟಿ ಬಂದಿತ್ತು. ಕೊನೆಗೆ ಅವನು ಕಡುಗೆಂಪು ಸೀಟಿನ ಎದುರು ನಿಂತ.

“ಸೀಟು” ಎಂದ.

“ಯಾವ ಸೀಟು?”

“ನಿಂದು. ನನ್ನದು ರೆಕ್ಸಿನ್ನು, ಹಗುರ. ನಿಂದಕ್ಕೆ ಚರ್ಮ. ಚರ್ಮ ಹಾಕು ಅಂತ ನಾನೇನು ಹೇಳಿರಲಿಲ್ಲ.”

“ಮತ್ತೆ ನಾನು ಎಲ್ಲಿ ಕೂರ್ಲಿ, ನೆವಿಲ್?”

“ರೈಲಲ್ಲಿ ಬಾ. ನಿನ್ನ ಕಾರಿಗೆ ಅಷ್ಟು ದೂರ ಆಗಲ್ಲ. ಫೈಲೀ ಸ್ಟೇಷನ್ನಲ್ಲಿ ಸಿಕ್ತೀನಿ. ನಿಂಗೂ ಆರಾಮ, ಗಾಳಿ ಹೊಡೆಯಲ್ಲ. ನಿನ್ನ ಕಿವಿನೋವಿಗೆ ಅದೇ ಒಳ್ಳೇದು.”

ನನಗೆ ತಡೆಯಲಾಗಲಿಲ್ಲ. “ನೆವಿಲ್, ತೂಕ ಇಳಿಸ್ಬೇಕಂದ್ರೆ ಆ ಗುರುವಾರದ ಪೈ ಬಿಡ್ಬಹುದಿತ್ತಲ್ಲ” ಎಂದೆ.

“ಡ್ರೈವರ್ ತೂಕ ಲೆಕ್ಕಕ್ಕಿಲ್ಲ, ಪಕ್ಕದ್ಮನೆಯಮ್ಮ” ಎಂದ ಅವನು, ತುಂಬಾ ಸಮಾಧಾನದಿಂದ. “ಖಾಲಿ ಗಾಡೀನ ಮಾತ್ರ ತೂಗ್ತಾರೆ. ಅದು ನಿಯಮ.”

ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು, ಬೈಯಬಹುದಿತ್ತು. ಹಿಲ್ಡಾ ಗೋಡೆಯಿಂದ ಸ್ಪ್ಯಾನರ್ ತೆಗೆದುಕೊಂಡಳು. ಯಾವ ಬೋಲ್ಟಿಗೆ ಯಾವ ಸ್ಪ್ಯಾನರ್ ಎಂದು ಅವಳಿಗೆ ಕೇಳಬೇಕಿರಲಿಲ್ಲ, ಹತ್ತು ವರ್ಷದಿಂದ ಕೈಗೆ ಎತ್ತಿ ಕೊಟ್ಟವಳು ಅವಳೇ. ಮಂಡಿಯೂರಿ ಬೋಲ್ಟುಗಳನ್ನು ಬಿಚ್ಚಿ, ಸೀಟನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಹೋದಳು. ನೆವಿಲ್ ಆಗಲೇ ಬಗ್ಗಿ ಮುಳ್ಳು ನೋಡುತ್ತಿದ್ದ. “ಬಂತು, ಬಂತು” ಎಂದ. ಆ ದಿನ ಅವನ ಮೇಲೆ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ, ಇಳಿಸುವ ಮನಸ್ಸೂ ಇಲ್ಲ.

ಆ ಸೀಟನ್ನು ಹಿಲ್ಡಾ ಮುಂದಿನ ಕೋಣೆಯ ಕಿಟಕಿಯ ಹತ್ತಿರ ನೆಲದ ಮೇಲೆ ಇಟ್ಟುಕೊಂಡಳು. ಸಂಜೆ ಅದರಲ್ಲೇ ಕೂತು ಕಾಲು ಚಾಚಿ ಟೀ ಕುಡಿಯುತ್ತಿದ್ದಳು. ಸೋಫಾ ಖಾಲಿ ಇರುವಾಗ ನೆಲದ ಮೇಲೆ ಯಾಕೆ ಕೂರುತ್ತಾಳೆ ಎಂದು ನೆವಿಲ್ ನನ್ನನ್ನೇ ಕೇಳಿದ. ಗೊತ್ತಿಲ್ಲಪ್ಪ ಎಂದೆ.

ಪರೀಕ್ಷೆಗೆ ಒಯ್ಯುವ ದಿನ ಸಂಘದವರು ಬಂದು ಗಾಡಿಯನ್ನು ಹಿಂದುಹಿಂದಾಗಿ ಏರಿನ ಮೇಲೆ ತಳ್ಳಿದರು. ಗರಿಯಷ್ಟು ಹಗುರವಾದ ಗಾಡಿ ರಸ್ತೆ ಮುಟ್ಟುವಷ್ಟರಲ್ಲಿ ಗಂಡಸರ ಮುಖವೆಲ್ಲ ಬೀಟ್ರೂಟು. ಡೆಸ್ಮಂಡ್ ಸೊಂಟ ಹಿಡಿದುಕೊಂಡು ನನ್ನ ಕಾಂಪೌಂಡಿನ ಮೇಲೆ ಕೂತ. ಗಾಡಿ ಟ್ರೇಲರ್ ಏರಿ ಹೋಗಿ, ಪರೀಕ್ಷೆಯಲ್ಲಿ ಪಾಸಾಗಿ, ಮಧ್ಯಾಹ್ನ ವಾಪಸ್ಸು ಬಂತು. ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು.

“ಹಿಂಭಾಗ ಮೊದಲು ಮಾಡಿ ಕೆಳಗಿಳಿಸೋಣ, ನೆವಿಲ್. ಹಗ್ಗ ಹಿಡೀತೀನಿ. ಮೂತಿ ಮೇಲಕ್ಕಿದ್ರೆ ಈಸ್ಟರ್ ದಿನ ನೇರ ಹತ್ತಿಸ್ಕೊಂಡು ಹೋಗ್ಬಹುದು” ಎಂದ ಸಿರಿಲ್.

ನೆವಿಲ್ ಬೀದಿಯನ್ನೊಮ್ಮೆ ನೋಡಿದ. ಅಷ್ಟು ಜನ, ಹತ್ತು ವರ್ಷ ನಕ್ಕವರು. “ನನ್ನ ಗಾಡಿ ಮೊದಲನೇ ಸಲ ಮನೆಗೆ ಬರೋದು ಅಂಡು ಮುಂದೆ ಮಾಡ್ಕೊಂಡಾ?” ಎಂದ. ಹೆಲ್ಮೆಟ್ ಹಾಕಿ, ಹತ್ತಿ ಕೂತು, ಎಂಜಿನ್ ಕಿರುಚಿಸಿ, ಇಳಿಜಾರಿನಲ್ಲಿ ಸೊಯ್ಯೆಂದು ಇಳಿದು ಗ್ಯಾರೇಜು ಹೊಕ್ಕ. ಜನ ಚಪ್ಪಾಳೆ ತಟ್ಟಿದರು. ಗಾಡಿಯ ಮೂತಿ ಮತ್ತೆ ಅದೇ ಗೋಡೆಯ ಕಡೆಗೆ ಹೋಗಿ ನಿಂತಿತು.

ಈಸ್ಟರ್ ಸೋಮವಾರ ಬಂತು. ಸಂಘದವರೆಲ್ಲ ಫ್ಲೀಸ್‌ನ ಮುಂದೆ ಸೇರಿ ಸಾಲಾಗಿ ಫೈಲೀಗೆ ಹೊರಡುವುದೆಂದು ಗೊತ್ತಾಗಿತ್ತು. ಮತ್ತೆ ಅವರನ್ನು ತಳ್ಳಲು ಕರೆಯಲು ನೆವಿಲ್‌ಗೆ ಮಾನ ಅಡ್ಡಬಂತು, ಡೆಸ್ಮಂಡ್‌ನ ಸೊಂಟವೂ ಅಡ್ಡಬಂತು. ಬೆಳಗ್ಗೆಯೇ ನನ್ನ ಬಾಗಿಲು ತಟ್ಟಿದ.

“ನೀನೂ ಒಂದು ಕೈ ಹಾಕಮ್ಮ. ಹಿಲ್ಡಾ ಬಲಗಡೆ, ನೀನು ಎಡಗಡೆ. ನಾನು ಸ್ಟಿಯರಿಂಗ್ ನೋಡ್ಕೋತೀನಿ.”

“ನೀನು ಇಳಿದು ತಳ್ಳು, ಹಿಲ್ಡಾ ಸ್ಟಿಯರಿಂಗ್ ನೋಡ್ಕೊಳ್ಳಿ.”

“ಅವಳಿಗೆ ಈ ಗಾಡಿ ಅಭ್ಯಾಸ ಇಲ್ವಲ್ಲ” ಎಂದ ನೆವಿಲ್, ನಾನು ಏನೋ ಮಕ್ಕಳ ಮಾತಾಡಿದ ಹಾಗೆ.

ಹಿಲ್ಡಾಳ ಮುಖ ನೋಡಿ ಹೋಗೋಣ ಎಂದು ನಾನು ಚಪ್ಪಲಿ ಮೆಟ್ಟಿ ಹೊರಟೆ. ಅವಳು ಇಳಿಜಾರಿನ ತಲೆಯಲ್ಲಿ ನಿಂತಿದ್ದಳು. ಒಳ್ಳೆಯ ನೀಲಿ ಕೋಟು, ತಲೆಗೆ ಸ್ಕಾರ್ಫು, ಕೈಯಲ್ಲಿ ರೈಲಿಗೆ ಹೋಗುವ ಚೀಲ. ಕೆಳಗೆ ಗ್ಯಾರೇಜಿನಲ್ಲಿ ನೆವಿಲ್ ಹೆಲ್ಮೆಟ್ ಹಾಕಿ, ಭುಜದ ಮೇಲಿಂದ ಬರುವ ಪಟ್ಟಿಗಳನ್ನೆಲ್ಲ ಬಿಗಿದುಕೊಂಡು, ಗೋಡೆ ನೋಡುತ್ತಾ ಕೂತಿದ್ದ. ಎಂಜಿನ್ ಬಿಸಿಯಾಗಲೆಂದು ಆಗಲೇ ಶುರು ಮಾಡಿದ್ದ. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಪಟ್ಟಿ ಬಿಗಿದ ಮೇಲೆ ಅವನ ಕತ್ತು ಹಿಂದಕ್ಕೆ ತಿರುಗುವ ಹಾಗಿರಲಿಲ್ಲ, ಕನ್ನಡಿಗಳು ಗಡಗಡ ನಡುಗುತ್ತಿದ್ದವು. ಹೆಬ್ಬೆರಳು ಎತ್ತಿ ತೋರಿಸಿದ. ತಳ್ಳಿ ಎಂದು ಅರ್ಥ.

ಹಿಲ್ಡಾ ಚೀಲ ಕೆಳಗಿಟ್ಟಳು. ಎರಡು ಹೆಜ್ಜೆ ಇಳಿದಳು ಕೂಡ. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಸಿರಿಲ್‌ನ ಬಸ್ಸು ಬಂದು ನಿಂತಿತು. ಎಲ್ಲರೂ ಕಾಯುತ್ತಿದ್ದಾರೆ, ನೆವಿಲ್ ಇನ್ನೂ ಬರಲಿಲ್ಲವಲ್ಲ ಎಂದು ನೋಡಲು ಬಂದಿದ್ದ. ಇಳಿದು, ಟೋಪಿ ತೆಗೆದು, ತೋಳು ಮಡಿಸತೊಡಗಿದ.

“ನೀವು ಬಿಡಿ ಹಿಲ್ಡಾ, ಕೋಟು ಹಾಳಾಗುತ್ತೆ. ನಾನು ತಳ್ತೀನಿ.”

ಹಿಲ್ಡಾ ಅವನನ್ನು ನೋಡಲಿಲ್ಲ. ಅವನ ಗಾಡಿಯ ಪಕ್ಕದ ಸೀಟು ನೋಡುತ್ತಿದ್ದಳು. ಅಲ್ಲಿ ಸೀಟಿನ ಹೆಸರಿಗೆ ಒಂದು ಹರಿದ ಸ್ಪಂಜು, ಅದರ ಮೇಲೆ ನಾಯಿಕೂದಲು.

“ಇದು ಹಿಂದಕ್ಕೆ ಹೋಗುತ್ತಾ, ಸಿರಿಲ್?”

“ಹೋಗುತ್ತೆ. ಏನೂ ತೊಂದರೆಯಿಲ್ಲ.”

“ಹೀಟರ್ ಇದ್ಯಾ?”

“ಇದೆ. ಸ್ವಲ್ಪ ಸುಟ್ಟ ವಾಸನೆ ಬರುತ್ತೆ.”

ಅವಳು ಸರಸರನೆ ಮನೆಯೊಳಗೆ ಹೋದಳು. ಬರುವಾಗ ಕಡುಗೆಂಪು ಸೀಟು ಅವಳ ತೋಳಿನಲ್ಲಿತ್ತು. ಸ್ಪಂಜನ್ನು ಎತ್ತಿ ನನ್ನ ಕೈಗೆ ಕೊಟ್ಟು, ಅದರ ಜಾಗದಲ್ಲಿ ಸೀಟು ಇಟ್ಟು, ಹತ್ತಿ ಕೂತು ಕೋಟಿನ ಅಂಚು ಒಳಗೆಳೆದುಕೊಂಡಳು. ಸಿರಿಲ್ ಒಮ್ಮೆ ಗ್ಯಾರೇಜಿನ ಕಡೆ ನೋಡಿದ, ಒಮ್ಮೆ ನನ್ನ ಕಡೆ. ನಾನು ಆಕಾಶ ನೋಡಿದೆ. ನಮ್ಮ ಬೀದಿಗೆ ಮುಂದೆ ದಾರಿಯಿಲ್ಲ, ಕಾರು ತಿರುಗಿಸಲು ಜಾಗವೂ ಇಲ್ಲ. ಸಿರಿಲ್ ಗೇರು ಹಾಕಿ ಹಿಂದುಹಿಂದಾಗಿ ಇಡೀ ಬೀದಿ ದಾಟಿದ. ಹಿಲ್ಡಾ ಹಿಂದಕ್ಕೆ ತಿರುಗಿ ಕೂತು, “ಸ್ವಲ್ಪ ಎಡಕ್ಕೆ, ನನ್ನ ಎಡ” ಎಂದು ದಾರಿ ಹೇಳುತ್ತಿದ್ದಳು. ತಿರುವಿನಲ್ಲಿ ಅವಳ ಸ್ಕಾರ್ಫು ಮರೆಯಾಗುವವರೆಗೂ ನಾನು ಸ್ಪಂಜು ಹಿಡಿದು ನಿಂತಿದ್ದೆ.

ಕೆಳಗೆ ಎಂಜಿನ್ ಕಿರುಚುತ್ತಲೇ ಇತ್ತು. ನೆವಿಲ್‌ನ ಹೆಬ್ಬೆರಳು ಮೇಲೇ ಇತ್ತು. “ತಳ್ಳಿ, ತಳ್ಳಿ, ನಂಗೆ ಗೊತ್ತಾಗ್ತಿದೆ, ಅಲ್ಲಾಡ್ತಿದೆ” ಎಂದು ಕೂಗುತ್ತಿದ್ದ. ಗಾಡಿ ಅಲ್ಲಾಡುತ್ತಿದ್ದದ್ದು ಎಂಜಿನ್ನಿನ ನಡುಕಕ್ಕೆ. ಹೊಗೆ ನನ್ನ ಕಣ್ಣಿಗೂ ಬಂತು. ಅವನು ಉಸಿರು ಕಟ್ಟಿ ಸತ್ತರೆ ಅದೊಂದು ಪಾಪ ಬೇರೆ ಎಂದು ನಾನೇ ಇಳಿದು ಹೋಗಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ. ಒಮ್ಮೆಗೇ ನಿಶ್ಶಬ್ದವಾಯಿತು.

“ಹಿಲ್ಡಾ ಹೋದ್ಳು” ಎಂದೆ.

“ಎಲ್ಲಿಗೆ?”

“ಫೈಲೀಗೆ.”

“ಯಾವುದ್ರಲ್ಲಿ?”

“ಸಿರಿಲ್ ಗಾಡೀಲಿ. ಅವಳ ಸೀಟೂ ತಗೊಂಡು ಹೋದ್ಳು.”

ಅವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಏನಾದರೂ ಅನ್ನುತ್ತಾನೆ, ಕೊನೆಗೂ ಒಂದು ಮಾತು ಅನ್ನುತ್ತಾನೆ ಎಂದು ನಾನು ಕಾದೆ.

“ಅದು ತುಂಬಾ ಭಾರ” ಎಂದ.

ನಾನು ಸ್ಪಂಜನ್ನು ಅವನ ಪಕ್ಕದ ಖಾಲಿ ಜಾಗದಲ್ಲಿ ಇಟ್ಟು ಮನೆಗೆ ಬಂದೆ. ಅಡುಗೆಮನೆಯ ಕಿಟಕಿಯಿಂದ ನೋಡಿದಾಗ ಅವನು ಪಟ್ಟಿಗಳನ್ನು ಬಿಚ್ಚಿಕೊಂಡು, ಗಾಡಿಯ ಮೂತಿಗೂ ಮೇಜಿಗೂ ನಡುವೆ ಹೊಟ್ಟೆ ತೂರಿಸಿ, ತಾನೇ ತಳ್ಳುತ್ತಿದ್ದ. ಗಾಡಿ ಬಾಗಿಲ ಹೊಸಲಿನವರೆಗೆ ಹೋಗಿ, ಏರು ಶುರುವಾದಲ್ಲಿ ಒಂದು ಕ್ಷಣ ನಿಂತು, ಮೆಲ್ಲಗೆ ಅವನ ಕಡೆಗೇ ವಾಪಸ್ಸು ಬಂತು. ಮತ್ತೆ ತಳ್ಳಿದ, ಮತ್ತೆ ಬಂತು. ಹತ್ತು ವರ್ಷ ಒಬ್ಬಳು ಟಾರ್ಚು ಹಿಡಿದು ಕೂತಿದ್ದ ಜಾಗದಲ್ಲಿ ಅವನು ನಿಂತಿದ್ದ. ನನಗೆ ನಗು ಬಂತು. ಆಮೇಲೆ ನಗು ನಿಂತಿತು.

ಸಂಜೆ ಹಿಲ್ಡಾ ಬಂದಳು. ಮೂಗು ಕೆಂಪಗಾಗಿತ್ತು, ಬೂಟಿನ ತುಂಬ ಮರಳು. ನನಗೆಂದು ಪೇಪರಿನಲ್ಲಿ ಸುತ್ತಿದ ಬೇಯಿಸಿದ ಏಡಿ ತಂದಿದ್ದಳು. ನೀರಿನ ಅಂಚಿನಲ್ಲಿ ಉದ್ದಕ್ಕೂ ನಡೆದೆ, ಸಿರಿಲ್ ಗಾಡಿಯಲ್ಲೇ ಕೂತು ಪೇಪರ್ ಓದಿದ, ಫ್ಲಾಸ್ಕಿನಲ್ಲಿ ಟೀ ಇತ್ತು ಎಂದಳು. ಅಷ್ಟೇ ವರದಿ. ಸೀಟು ಮಾತ್ರ ಅವಳ ಜೊತೆ ವಾಪಸ್ಸು ಬಂದಿರಲಿಲ್ಲ. ಅವಳ ಸೀಟಿನ ಬೋಲ್ಟಿನ ತೂತುಗಳು ಸಿರಿಲ್‌ನ ಗಾಡಿಯ ತೂತುಗಳಿಗೆ ಸರಿಯಾಗಿ ಕೂತವಂತೆ.

ಈಗ ನೆವಿಲ್ ಪ್ರತಿ ಗುರುವಾರ ಫ್ಲೀಸ್‌ಗೆ ನಡೆದು ಹೋಗುತ್ತಾನೆ. ಬೈಕಿನ ಎಂಜಿನ್ ತೆಗೆದು ಕಾರಿನ ಎಂಜಿನ್ ಹಾಕುವುದೋ ಬೇಡವೋ ಎಂಬ ಚರ್ಚೆ ಹೊಸದಾಗಿ ಶುರುವಾಗಿದೆ. ಹೋದ ವಾರ ನಾನು ಅವರ ಅಡುಗೆಮನೆಯಲ್ಲಿದ್ದಾಗ ಅವನು ಬಂದು ಬಾಗಿಲಲ್ಲಿ ನಿಂತ. ಹಿಲ್ಡಾ ಈರುಳ್ಳಿ ಹೆಚ್ಚುತ್ತಿದ್ದಳು.

“ಕಾರಿನ ಎಂಜಿನ್ ಹಾಕಿದ್ರೆ ರಿವರ್ಸ್ ಇರುತ್ತೆ. ತೂಕದ ಚಿಂತೆಯಿಲ್ಲ” ಎಂದ. “ಆ ಸೀಟು ವಾಪಸ್ ತರ್ತೀಯಾ?”

“ಅದನ್ನ ಬಿಗಿಯಾಗಿ ಕೂರಿಸಿಬಿಟ್ಟಿದೀನಿ, ನೆವಿಲ್” ಎಂದಳು ಹಿಲ್ಡಾ, ತಲೆ ಎತ್ತದೆ. “ಈಗ ಬಿಚ್ಚೋಕಾಗಲ್ಲ.”

ಅವನು ಗ್ಯಾರೇಜಿಗೆ ಇಳಿದು ಹೋದ. ಅವಳು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು.